ತಂತಿಯಿಲ್ಲದ ಕೀಲಿಮಣೆ

ಬೆಂಗಳೂರಿನ ದಂಡುಪ್ರದೇಶದ ಪೂರ್ವಕ್ಕೆ, ಹಲಸೂರಿಗೆ ಹೊಂದಿಕೊಂಡಂತೆ, ಮರ್ಫಿ ಟೌನ್ ಎಂಬ ಬಡಾವಣೆಯಿದೆ. ಈ ಹೆಸರನ್ನು ಕೇಳಿದ ಹೊರಗಿನವರು, ಅದರಲ್ಲಿಯೂ ಸ್ವಲ್ಪ ವಯಸ್ಸಾದವರು, ಒಡನೆಯೇ ಮರ್ಫಿ ರೇಡಿಯೋವನ್ನೂ ಅದರ ಜಾಹೀರಾತಿನ ಮುದ್ದುಮುಖದ ಮಗುವನ್ನೂ ನೆನೆದುಕೊಳ್ಳುತ್ತಾರೆ. ಆ ಮರ್ಫಿಯೇ ಬೇರೆ, ನಮ್ಮ ಮರ್ಫಿಯೇ ಬೇರೆ. ರೇಡಿಯೋದ ಫ್ರ್ಯಾಂಕ್ ಮರ್ಫಿ, ಇ. ಜೆ. ಪವರ್ ಎಂಬವರೊಡನೆ ಕೂಡಿ 1929ರಲ್ಲಿ ಇಂಗ್ಲೆಂಡಿನ ವೆಲ್ವಿನ್ ಗಾರ್ಡನ್ ಸಿಟಿಯಲ್ಲಿ ಕಂಪನಿ ತೆರೆದವನು. ನಮ್ಮ ಮರ್ಫಿ ಅಂದಿನ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ನಿನ ಎಂಜಿನಿಯರು. ಅವನ ಹೆಸರು ಬರುವುದಕ್ಕೆ ಮೊದಲು ಈ ಸ್ಥಳವನ್ನು ನಾಕ್ಸ್‌ಪೇಟೆ ಎನ್ನುತ್ತಿದ್ದರು.

ಇಬ್ಬರಿಗೂ ಏನೊಂದು ಸಂಬಂಧವಿಲ್ಲದಿದ್ದರೂ ನನ್ನ ನೆನಪಿನಲ್ಲಿ ಆ ಎರಡು ಮರ್ಫಿಗಳು ಒಂದು ಕಡೆ ಕೂಡುತ್ತವೆ. ನಾನು ಹುಡುಗನಾಗಿದ್ದಾಗ ನಮ್ಮ ಬೀದಿಯ ತಿರುವಿನಲ್ಲಿ ರೇಡಿಯೋ ರಿಪೇರಿಯವರೊಬ್ಬರ ಅಂಗಡಿಯಿತ್ತು. ಮನೆಯಲ್ಲಿ ತಮಿಳು, ಗಿರಾಕಿಗಳೊಡನೆ ಉರ್ದು ಕನ್ನಡ ಎರಡೂ, ರೇಡಿಯೋದ ಮುಂದೆ ಕುಳಿತರೆ ಮೌನ. ಅವರ ಸ್ವಭಾವವೇ ಹಾಗೆ. ಯಾವ ಕಂಪನಿಯ ಪೆಟ್ಟಿಗೆ ಬಂದರೂ ಅವರು ಮೊದಲು ಹಿಂಬದಿಯ ರಟ್ಟನ್ನು ಬಿಚ್ಚುವರು; ಆಮೇಲೆ ಒಂದು ಹಳೆಯ ಟ್ರಂಕಿನೊಳಗಿಂದ ಆ ಮಾದರಿಯ ಸರ್ಕ್ಯೂಟ್ ನಕ್ಷೆಯನ್ನು ಹುಡುಕಿ ತೆಗೆಯುವರು. ಆ ಕಾಲದ ರೇಡಿಯೋ ಕಂಪನಿಗಳು ತಮ್ಮ ಯಂತ್ರಗಳ ನಕ್ಷೆಯನ್ನು ಅಚ್ಚುಮಾಡಿಸಿ ರಿಪೇರಿಯವರಿಗೆ ದೊರೆಯುವಂತೆ ಮಾಡುತ್ತಿದ್ದವು. ಕೆಲವು ಪೆಟ್ಟಿಗೆಗಳ ಒಳಮೈಗೇ ನಕ್ಷೆಯನ್ನು ಅಂಟಿಸಿರುತ್ತಿದ್ದರು. ರೇಡಿಯೋ ಇಟ್ಟುಕೊಳ್ಳಲು ಸರ್ಕಾರದ ಲೈಸೆನ್ಸು ಬೇಕಾಗಿದ್ದ ಕಾಲ ಅದು. ಆದರೆ ಅದನ್ನು ಬಿಚ್ಚಿ ತಿಳಿದುಕೊಳ್ಳಲು ಯಾರ ಅಪ್ಪಣೆಯೂ ಬೇಕಾಗಿರಲಿಲ್ಲ.

ಆ ಟ್ರಂಕು ಬಹುಕಾಲದ ಮೇಲೆ ನನಗೆ ಮತ್ತೆ ನೆನಪಾದದ್ದು ಒಂದು ಕೀಲಿಮಣೆಯ ದೆಸೆಯಿಂದ. ಕೆಲವು ವರ್ಷಗಳ ಹಿಂದೆ ಎಸ್.ಪಿ. ರಸ್ತೆಯಲ್ಲಿ ಅದನ್ನು ಸೆಕೆಂಡ್‌ಹ್ಯಾಂಡಾಗಿ ಕೊಂಡು ತಂದೆ. ಅದಕ್ಕೆ ತಂತಿಯಿಲ್ಲ. ಹೆಬ್ಬೆಟ್ಟಿನ ಉಗುರಿನಷ್ಟು ದೊಡ್ಡದಾದ ಒಂದು ರಿಸೀವರನ್ನು ಗಣಕಕ್ಕೆ ಚುಚ್ಚಬೇಕು. ಕೀಲಿಮಣೆಯಿಂದ ಹೊರಟ ರೇಡಿಯೋ ಅಲೆಯನ್ನು ಅದು ಹಿಡಿದುಕೊಳ್ಳುತ್ತದೆ. ಎಲ್ಲ ಕೀಲಿಗಳೂ ಚೆನ್ನಾಗಿದ್ದವು. ಇಂಗ್ಲಿಷಿನ ಎಫ್ ಅಕ್ಷರವೊಂದು ಮಾತ್ರ ಪೂರ್ತಿ ಸವೆದು ಅಳಿಸಿಹೋಗಿತ್ತು. ಎರಡು ತಿಂಗಳಲ್ಲಿ ಆ ರಿಸೀವರು ಎಲ್ಲಿಯೋ ಕಳೆದುಹೋಯಿತು. ಹೊಸದೊಂದನ್ನು ತಂದರೆ ಅದು ಹಳೆಯ ಕೀಲಿಮಣೆಯನ್ನು ಗುರುತಿಸಲೊಲ್ಲದು. ಎರಡನ್ನೂ ಪರಿಚಯ ಮಾಡಿಸಲು ಕಂಪನಿಯ ಒಂದು ಕ್ರಮವಿಧಿ ಬೇಕಂತೆ; ನಮ್ಮ ಮನೆಯ ಗಣಕದಲ್ಲಿದ್ದ ಲಿನಕ್ಸ್ ವ್ಯವಸ್ಥೆಯಲ್ಲಿ ಅದು ನಡೆಯದಂತೆ. ವಿಚಾರಿಸಿದ್ದಕ್ಕೆ, ಆ ಮಾದರಿ ಹಳೆಯದಾಯಿತು, ಹೊಸದನ್ನು ಕೊಳ್ಳಿರಿ ಎಂಬ ಉತ್ತರ ಬಂತು. ಆಗ ನನ್ನ ತಮ್ಮನ ಮಗಳು, "ಇರಿ ದೊಡ್ಡಪ್ಪ, ಯಾರೋ ಬರೆದಿಟ್ಟಿದ್ದಾರೆ," ಎಂದು ಏನನ್ನೋ ಹುಡುಕಿ ತಂದು ಹಾಕಿದಳು. ಕೀಲಿಮಣೆ ಮಾತನಾಡಿತು.

ಆ "ಯಾರೋ" ಎಂಬುವರು ಯಾರು? ಯಾವ ಕಂಪನಿಯ ಸಂಬಳವೂ ಇಲ್ಲದೆ, ನಕ್ಷೆಯೂ ಇಲ್ಲದೆ, ಇನ್ನೊಬ್ಬರು ಮಾಡಿದ ಯಂತ್ರದ ಮಾತನ್ನು ಕಲಿತು ಊರಿಗೆಲ್ಲ ಹಂಚಿದವರು ಯಾರು? ಅದನ್ನೇ ಈ ಹೊತ್ತು ಹೇಳಬೇಕೆಂದಿದ್ದೇನೆ.

ಮೊದಲು ಯಂತ್ರದ ವಿಷಯ ಸ್ವಲ್ಪ ತಿಳಿದಿರಬೇಕು. ಕೀಲಿಮಣೆಗೆ ಅಕ್ಷರಜ್ಞಾನವಿಲ್ಲ. ಅದಕ್ಕೆ ತಿಳಿದಿರುವುದು ಅಂಕಿ ಮಾತ್ರ. 1990ರ ದಶಕದ ನಡುವಿನಲ್ಲಿ ಯು.ಎಸ್.ಬಿ. ಎಂಬ ಜೋಡಣೆಯ ಪದ್ಧತಿ ಬಂದಾಗ ಅದರೊಂದಿಗೆ ಎಚ್.ಐ.ಡಿ. ಎಂಬ ಒಂದು ಒಪ್ಪಂದವೂ ಬಂತು. ಮನುಷ್ಯನು ಕೈಯಿಂದ ಬಳಸುವ ಸಾಧನಗಳೆಲ್ಲ ಗಣಕದೊಡನೆ ಹೇಗೆ ಮಾತನಾಡಬೇಕೆಂಬುದನ್ನು ಅದು ಗೊತ್ತುಮಾಡಿತು. ಇಂಗ್ಲಿಷಿನ ಎ ಅಕ್ಷರದ ಕೀಲಿಗೆ 4, ಬಿ ಅಕ್ಷರದ್ದಕ್ಕೆ 5, ಹೀಗೆ ಕೆ ಅಕ್ಷರದ ಕೀಲಿಗೆ 14. ನಾವು ಕೆ ಒತ್ತಿದರೆ ಕೀಲಿಮಣೆ ಎಂಟು ಬೈಟುಗಳ ಒಂದು ಸಣ್ಣ ವರದಿಯನ್ನು ಕಳುಹಿಸುತ್ತದೆ. ಅದರೊಳಗೆ 14 ಇರುತ್ತದೆ. ಗಣಕದಲ್ಲಿ ಕಾದು ಕುಳಿತಿರುವ ಚಾಲಕ ತಂತ್ರಾಂಶ, ಜನ ಡ್ರೈವರ್ ಎನ್ನುವುದು, ಆ 14ನ್ನು ತನ್ನ ಲೆಕ್ಕದ ಅಂಕಿಗೆ ಬದಲಿಸುತ್ತದೆ. ಲಿನಕ್ಸಿನಲ್ಲಿ ಅದು 37. ಪರದೆಯ ವ್ಯವಹಾರ ನೋಡಿಕೊಳ್ಳುವ ಇನ್ನೊಂದು ಪದರ ಅದಕ್ಕೆ 8 ಸೇರಿಸಿ 45 ಮಾಡುತ್ತದೆ. ಈ ಎಂಟು ಯಾಕೆ ಎಂದರೆ, ಹಿಂದೆ ಯಾವುದೋ ಕಾರಣಕ್ಕೆ ಬಂದದ್ದು ಮನೆತನದ ಪದ್ಧತಿಯಂತೆ ಉಳಿದುಕೊಂಡಿದೆ, ಅಷ್ಟೇ. ಕಡೆಗೆ ಆ 45 ಯಾವ ಅಕ್ಷರ ಎಂಬುದನ್ನು ಒಂದು ಪಟ್ಟಿ ನೋಡಿ ಹೇಳಬೇಕು.

ಚಾಲಕ ತಂತ್ರಾಂಶವನ್ನು ದುಭಾಷಿಯೆಂದು ಕರೆದರೆ ಸರಿಯಾದೀತು. ಯಂತ್ರದ ಮಾತು ಅವನಿಗೆ ಬರಬೇಕು. ಯಂತ್ರವನ್ನು ಮಾಡಿದವರು ಅದನ್ನು ಹೇಳಿಕೊಡಬೇಕು. ಹೇಳಿಕೊಡದಿದ್ದರೆ?

ಈ ಪ್ರಶ್ನೆಯಿಂದಲೇ ಒಂದು ದೊಡ್ಡ ಚಳವಳಿ ಹುಟ್ಟಿತು. 1980ರ ಸುಮಾರಿನಲ್ಲಿ ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಯ ಕೃತಕ ಬುದ್ಧಿಮತ್ತೆಯ ಪ್ರಯೋಗಾಲಯಕ್ಕೆ ಜೆರಾಕ್ಸ್ ಕಂಪನಿಯ ಲೇಸರ್ ಮುದ್ರಣಯಂತ್ರವೊಂದು ಬಂತು. ಅದರಲ್ಲಿ ಆಗಾಗ ಕಾಗದ ಸಿಕ್ಕಿಕೊಳ್ಳುತ್ತಿತ್ತು. ಹಿಂದಿನ ಯಂತ್ರದಲ್ಲಿ ಹೀಗಾದಾಗ, ಕಾಯುತ್ತಿರುವವರಿಗೆ ಸುದ್ದಿ ಮುಟ್ಟುವಂತೆ ರಿಚರ್ಡ್ ಸ್ಟಾಲ್ಮನ್ ಎಂಬ ಯುವಕ ಅದರ ಕ್ರಮವಿಧಿಯನ್ನು ತಿದ್ದಿದ್ದ. ಹೊಸ ಯಂತ್ರದ ಕ್ರಮವಿಧಿಯ ಮೂಲ ಬರಹವೇ ಅವನಿಗೆ ದೊರೆಯಲಿಲ್ಲ. ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದಲ್ಲಿ ಅದನ್ನು ಬಲ್ಲವರೊಬ್ಬರಿದ್ದಾರೆಂದು ಕೇಳಿ ಅಲ್ಲಿಗೆ ಹೋದ. ಯಾರಿಗೂ ಕೊಡುವುದಿಲ್ಲವೆಂದು ಕಂಪನಿಗೆ ಮಾತು ಕೊಟ್ಟಿದ್ದೇನೆ ಎಂದು ಅವರು ನಿರಾಕರಿಸಿದರು. ಕಾಗದ ಸಿಕ್ಕಿಕೊಂಡ ಈ ಸಣ್ಣ ಪ್ರಸಂಗವನ್ನು ಸ್ಟಾಲ್ಮನ್ ಮರೆಯಲಿಲ್ಲ. 1983ರ ಸೆಪ್ಟೆಂಬರಿನಲ್ಲಿ ಆತ ಗ್ನೂ ಯೋಜನೆಯನ್ನು ಸಾರಿದ. ಯಾರು ಬೇಕಾದರೂ ಓದಿ, ತಿದ್ದಿ, ಹಂಚಬಹುದಾದ ತಂತ್ರಾಂಶವನ್ನೇ ಕಟ್ಟಬೇಕೆಂಬುದು ಅದರ ಸಂಕಲ್ಪ. 1989ರಲ್ಲಿ ಈ ಸ್ವಾತಂತ್ರ್ಯವನ್ನು ಕಾಪಾಡುವ ಪರವಾನಗಿಯೂ ಸಿದ್ಧವಾಯಿತು.

1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಲಿನಕ್ಸಿನ ಮೊದಲ ಆವೃತ್ತಿಯನ್ನು ಹೊರಗೆ ಬಿಟ್ಟ. ಅದರಲ್ಲಿದ್ದ ಕೀಲಿಮಣೆಯ ಚಾಲಕ ಫಿನ್ನಿಷ್ ವಿನ್ಯಾಸದ್ದು. ಬೇರೆ ದೇಶದವರಿಗೆ ಬೇಕಾದರೆ ಅವರವರೇ ಬದಲಿಸಿಕೊಳ್ಳಬೇಕು. ತನ್ನ ಮೇಜಿನ ಮೇಲಿದ್ದ ಕೀಲಿಮಣೆಗೆ ತಕ್ಕಂತೆ ಬರೆದುಕೊಂಡಿದ್ದ, ಅಷ್ಟೇ. ಆದರೆ ಬದಲಿಸಲು ಬರುವಂತೆ ಬರೆದು ಕೊಟ್ಟಿದ್ದ. ಈ ಎರಡನೆಯ ಮಾತು ಮುಖ್ಯ. ನಮ್ಮ ಕನ್ನಡದ ಪ್ರಸ್ತಾಪ ಬಂದಾಗ ಇದಕ್ಕೆ ಹಿಂದಿರುಗುತ್ತೇನೆ. 1990ರ ದಶಕದ ಕೊನೆಯ ವೇಳೆಗೆ ಕೀಲಿಮಣೆ, ಮೌಸ್, ಆಟದ ಜಾಯ್‌ಸ್ಟಿಕ್ ಇವೆಲ್ಲಕ್ಕೂ ಒಂದೊಂದು ದಾರಿಯಾಗಿ ಗೊಂದಲವೆದ್ದಿತು. ಚೆಕ್ ದೇಶದ ವೊಯ್ಟೆಕ್ ಪಾವ್ಲಿಕ್ ಇವನ್ನೆಲ್ಲ ಒಂದೇ ಚಾವಡಿಗೆ ತಂದು ಕೂರಿಸಿದ. 2001ರ ಜನವರಿಯಲ್ಲಿ ಬಂದ ಲಿನಕ್ಸ್ 2.4ರಲ್ಲಿ ಅವನ ಕೆಲಸ ಬಳಕೆಗೆ ಬಂತು. ಇಂದಿಗೂ ಒತ್ತಿದ ಪ್ರತಿಯೊಂದು ಕೀಲಿಯೂ ಆ ಚಾವಡಿಯ ಮೂಲಕವೇ ಹಾದುಹೋಗುತ್ತದೆ.

ಇನ್ನು ತಂತಿಯಿಲ್ಲದವುಗಳ ಮಾತು. ಇವುಗಳಲ್ಲಿ ಎರಡು ಜಾತಿ. ಒಂದು ಬ್ಲೂಟೂತ್. ಅನೇಕ ಕಂಪನಿಗಳು ಸೇರಿ ಒಪ್ಪಿಕೊಂಡ, ಅಚ್ಚಾಗಿ ಪ್ರಕಟವಾದ ನಿಯಮಗಳು ಅದಕ್ಕಿವೆ. 2001ರಲ್ಲಿ ಕ್ವಾಲ್ಕಾಮ್ ಕಂಪನಿಯಲ್ಲಿದ್ದ ಮ್ಯಾಕ್ಸ್ ಕ್ರಾಸ್ನ್ಯಾನ್ಸ್ಕಿ ಬರೆದ ಬ್ಲೂಜೆಡ್ ಎಂಬ ಮುಕ್ತ ತಂತ್ರಾಂಶ ಅದೇ ವರ್ಷ ಲಿನಕ್ಸಿನೊಳಗೆ ಸೇರಿತು. ನಿಯಮ ಪ್ರಕಟವಾಗಿದ್ದುದರಿಂದ ಕೆಲಸ ಸುಗಮವಾಯಿತು. ಇನ್ನೊಂದು ಜಾತಿ ನನ್ನ ಕೀಲಿಮಣೆಯಂತಹುದು: ಕಂಪನಿಯದೇ ರಿಸೀವರು, ಕಂಪನಿಯದೇ ಗುಪ್ತಭಾಷೆ. ಎರಡೂ ಸಾಮಾನ್ಯವಾಗಿ ಬಳಸುವುದು 2.4 ಗಿಗಾಹರ್ಟ್ಸಿನ ಅಲೆಗಳನ್ನೇ. ನಮ್ಮ ದೇಶದಲ್ಲಿ ಅಲ್ಪಶಕ್ತಿಯ ಸಾಧನಗಳು ಈ ಅಲೆಗಳನ್ನು ಲೈಸೆನ್ಸಿಲ್ಲದೆ ಬಳಸಬಹುದೆಂಬ ನಿಯಮ 2005ರ ಜನವರಿಯಲ್ಲಿ ಹೊರಟಿತು. ಕಾಲ ಹೇಗೆ ತಿರುಗಿತು ನೋಡಿ. ಇಟ್ಟುಕೊಳ್ಳಲು ಲೈಸೆನ್ಸು ಬೇಡವಾಯಿತು, ಒಳಗಿನದನ್ನು ತಿಳಿಯಲು ಅಪ್ಪಣೆ ಬೇಕಾಯಿತು.

ಅಪ್ಪಣೆಯಿಲ್ಲದೆ ತಿಳಿಯುವ ಬಗೆ ಸ್ವಾರಸ್ಯವಾಗಿದೆ. ಭಾಷೆ ಬಾರದ ಊರಿಗೆ ಹೋದ ವ್ಯಾಪಾರಿ ಸಂತೆಯಲ್ಲಿ ಒಂದು ಮೂಲೆಗೆ ಕುಳಿತು ಇತರರ ಚೌಕಾಸಿಯನ್ನು ಆಲಿಸುತ್ತಾನಲ್ಲ, ಅದೇ ಬಗೆ. ಕಂಪನಿಯ ಕ್ರಮವಿಧಿಯನ್ನು ಅದು ನಡೆಯುವ ವ್ಯವಸ್ಥೆಯಲ್ಲಿಯೇ ನಡೆಸಬೇಕು. ಅದಕ್ಕೂ ರಿಸೀವರಿಗೂ ನಡುವೆ ಓಡಾಡುವ ಪ್ರತಿಯೊಂದು ಬೈಟನ್ನೂ ಪಕ್ಕದಲ್ಲಿ ಕುಳಿತು ದಾಖಲಿಸಬೇಕು. ಒಂದು ಕೀಲಿ ಒತ್ತಿ, ಬರೆದುಕೊಂಡು, ಇನ್ನೊಂದು ಒತ್ತಿ, ಬರೆದುಕೊಂಡು, ಯಾವ ಅಂಕಿ ಬದಲಾಯಿತು ಎಂದು ಹೋಲಿಸಬೇಕು. ಬ್ಯಾಟರಿ ತುಂಬಿದಾಗ ಒಂದು ಸಲ, ಇಳಿದಾಗ ಒಂದು ಸಲ. ಸಾವಿರ ಸಾಲುಗಳ ನಡುವೆ ಯಾವುದೋ ಒಂದು ಅಂಕಿ 90ರಿಂದ 20ಕ್ಕೆ ಇಳಿದಿದ್ದರೆ, ಇದೇ ಬ್ಯಾಟರಿಯ ಅಳತೆ ಇರಬೇಕೆಂದು ಊಹೆ. ಊಹೆಯನ್ನು ಪರೀಕ್ಷಿಸಲು ತಾನೇ ಒಂದು ಪ್ರಶ್ನೆಯನ್ನು ಆ ಭಾಷೆಯಲ್ಲಿ ಕೇಳಿ ನೋಡುವುದು. ಯಂತ್ರ ಉತ್ತರಿಸಿದರೆ ಒಂದು ಪದ ಕಲಿತಂತಾಯಿತು. ಶಾಸನ ಓದುವವರ ತಾಳ್ಮೆ ಬೇಕಾದ ಕೆಲಸ.

ಇಷ್ಟರ ಮೇಲೆ ಯಂತ್ರಗಳು ಸುಳ್ಳನ್ನೂ ಹೇಳುತ್ತವೆ. ಎಚ್.ಐ.ಡಿ. ಒಪ್ಪಂದದ ಪ್ರಕಾರ ಪ್ರತಿಯೊಂದು ಸಾಧನವೂ ಗಣಕಕ್ಕೆ ಚುಚ್ಚಿದೊಡನೆ ತನ್ನ ಪರಿಚಯಪತ್ರವನ್ನು ಒಪ್ಪಿಸಬೇಕು: ನನಗೆ ಇಷ್ಟು ಕೀಲಿಗಳಿವೆ, ನನ್ನ ವರದಿ ಇಷ್ಟು ಉದ್ದ, ಇತ್ಯಾದಿ. ಅವಸರದಲ್ಲಿ ಮಾರುಕಟ್ಟೆಗೆ ಬಂದ ಎಷ್ಟೋ ಸಾಧನಗಳ ಪರಿಚಯಪತ್ರದಲ್ಲಿ ತಪ್ಪುಗಳಿರುತ್ತವೆ. ಕಂಪನಿ ತನ್ನ ತಪ್ಪನ್ನು ತನ್ನ ಕ್ರಮವಿಧಿಯಲ್ಲಿ ಸದ್ದಿಲ್ಲದೆ ಸರಿಪಡಿಸಿಕೊಂಡಿರುತ್ತದೆ; ಮಿಕ್ಕವರಿಗೆ ಅದು ಗೊತ್ತಾಗುವುದಿಲ್ಲ. ಲಿನಕ್ಸಿನಲ್ಲಿರುವ ಈ ಬಗೆಯ ಸಣ್ಣ ಚಾಲಕಗಳಲ್ಲಿ ಬಹಳಷ್ಟರ ಕೆಲಸ ಇಂಥ ಪತ್ರಗಳನ್ನು ತಿದ್ದುವುದೇ. 2008ರಲ್ಲಿ ಯಿರಿ ಕೊಸಿನಾ ಮತ್ತು ಅವನ ಜತೆಗಾರರು ಒಂದೊಂದು ಸಾಧನದ ತಿದ್ದುಪಡಿಗೂ ಬೇರೆ ಬೇರೆ ಕಡತವಿರುವಂತೆ ವ್ಯವಸ್ಥೆ ಮಾಡಿದರು. ಅಂದಿನಿಂದ, ಇಡೀ ಕಟ್ಟಡವನ್ನು ಅರಿಯದ ಹೊಸಬನೂ ತನ್ನ ಮನೆಯ ಒಂದು ಮೌಸಿಗಾಗಿ ಐವತ್ತು ಸಾಲು ಬರೆದು ಕಳುಹಿಸಬಹುದಾಯಿತು.

ಕಂಪನಿಗಳೆಲ್ಲ ಒಂದೇ ಬಗೆಯವಲ್ಲ, ಇದನ್ನು ಹೇಳದಿದ್ದರೆ ಅನ್ಯಾಯವಾದೀತು. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ಲಾಜಿಟೆಕ್ ಕಂಪನಿ 2009ರಲ್ಲಿ ಒಂದೇ ರಿಸೀವರಿಗೆ ಆರು ಸಾಧನಗಳನ್ನು ಸೇರಿಸಬಹುದಾದ ಪದ್ಧತಿಯನ್ನು ತಂದಿತು. ಲಿನಕ್ಸಿಗೆ ಆ ಆರೂ ಒಂದೇ ಸಾಧನವೆಂಬಂತೆ ಕಾಣುತ್ತಿದ್ದವು. ಕಂಪನಿಯ ಎಂಜಿನಿಯರೇ ಆದ ನೆಸ್ಟರ್ ಲೋಪೆಜ್ ಕಸಾಡೋ, ಬೆಂಜಮಿನ್ ಟಿಸ್ವಾರ್ ಎಂಬ ಹೊರಗಿನ ಬರಹಗಾರನ ನೆರವಿನಿಂದ, ಅವನ್ನು ಬೇರ್ಪಡಿಸುವ ಚಾಲಕವನ್ನು ಬರೆದ. ಅದು 2012ರ ಜನವರಿಯ ಲಿನಕ್ಸ್ 3.2ರಲ್ಲಿ ಪ್ರಕಟವಾಯಿತು. ತಮ್ಮ ಸಾಧನಗಳ ಭಾಷೆಯ ಕೆಲವು ದಾಖಲೆಗಳನ್ನೂ ಅವರು ಹೊರಗೆ ಕೊಟ್ಟರು. ಅದರ ಮೇಲೆ ಡೇನಿಯಲ್ ಪಾವೆಲ್ ಎಂಬಾತ ಸೋಲಾರ್ ಎಂಬ ಉಪಕರಣವನ್ನು ಕಟ್ಟಿದ. ರಿಸೀವರನ್ನೂ ಕೀಲಿಮಣೆಯನ್ನೂ ಪರಿಚಯ ಮಾಡಿಸುವುದು, ಬ್ಯಾಟರಿ ಎಷ್ಟಿದೆ ಎಂದು ಹೇಳುವುದು ಅದರ ಕೆಲಸ. ಆಟದ ಸಾಧನಗಳಲ್ಲಿಯೂ ಇದೇ ಕಥೆ ನಡೆಯಿತು. ನಿಂಟೆಂಡೋ ಕಂಪನಿಯ ವೀ ಆಟದ ಕೈಕೋಲಿಗೆ 2011ರಲ್ಲಿ ಚಾಲಕ ಬರೆದವನು ಡೇವಿಡ್ ಹೆರ್ಮನ್, ಅವನು ಕಂಪನಿಯವನಲ್ಲ. ಹತ್ತು ವರ್ಷದ ಮೇಲೆ, 2021ರಲ್ಲಿ, ಸೋನಿ ಕಂಪನಿ ತನ್ನ ಆಟದ ಸಾಧನಕ್ಕೆ ತಾನೇ ಚಾಲಕ ಬರೆದು ಲಿನಕ್ಸಿಗೆ ಒಪ್ಪಿಸಿತು.

ಗುಟ್ಟನ್ನು ಕಾಪಾಡುವುದಕ್ಕೆ ಕಂಪನಿಗಳು ಕೊಡುವ ಕಾರಣಗಳಲ್ಲಿ ಭದ್ರತೆಯೂ ಒಂದು. ಅದು ಎಷ್ಟು ಗಟ್ಟಿ? 2007ರಲ್ಲಿ ಮ್ಯಾಕ್ಸ್ ಮೋಸರ್ ಮತ್ತು ಫಿಲಿಪ್ ಶ್ರೋಡೆಲ್ ಎಂಬಿಬ್ಬರು 27 ಮೆಗಾಹರ್ಟ್ಸಿನ ಕೆಲವು ನಿಸ್ತಂತು ಕೀಲಿಮಣೆಗಳ ಮಾತನ್ನು ರೇಡಿಯೋದಿಂದ ಹಿಡಿದು ನೋಡಿದರು. ಒತ್ತಿದ ಕೀಲಿಯನ್ನು ಮರೆಮಾಚಲು ಬಳಸಿದ್ದು ಒಂದೇ ಒಂದು ಬೈಟು; ಅಂದರೆ ಇರುವುದು 256 ಸಾಧ್ಯತೆ. ಶಾಲೆಯ ಹುಡುಗರು ಪತ್ರ ಬರೆಯುವಾಗ ಅಕ್ಷರಗಳನ್ನು ಅದಲುಬದಲು ಮಾಡುವುದಕ್ಕಿಂತ ಹೆಚ್ಚಿನದೇನಲ್ಲ. 2016ರ ಫೆಬ್ರುವರಿಯಲ್ಲಿ ಮಾರ್ಕ್ ನ್ಯೂಲಿನ್ ಇನ್ನೊಂದನ್ನು ತೋರಿಸಿದ. ಏಳು ಕಂಪನಿಗಳ ಸಾಧನಗಳಲ್ಲಿ, ಹೊರಗಿನವನೊಬ್ಬ ಅಗ್ಗದ ರೇಡಿಯೋ ತುಣುಕೊಂದನ್ನು ಹಿಡಿದು ನೂರು ಮೀಟರ್ ದೂರದಿಂದ, ತಾನು ಮೌಸ್ ಎಂದು ಸುಳ್ಳು ಹೇಳಿಕೊಂಡು, ನಿಮ್ಮ ಗಣಕದಲ್ಲಿ ಕೀಲಿಗಳನ್ನು ಒತ್ತಬಹುದಾಗಿತ್ತು. ಮುಚ್ಚಿಟ್ಟ ಗುಟ್ಟು ರಿಪೇರಿಯವನನ್ನು ಹೊರಗಿಟ್ಟಿತ್ತು. ಕಳ್ಳನಿಗೆ ಬಾಗಿಲು ತೆರೆದೇ ಇತ್ತು. ಲಾಜಿಟೆಕ್ ತನ್ನ ರಿಸೀವರುಗಳಿಗೆ ತಿದ್ದುಪಡಿಯನ್ನು ಹೊರಡಿಸಿತು. ಅದನ್ನು ಲಿನಕ್ಸ್ ಬಳಸುವವರಿಗೂ ಮುಟ್ಟಿಸಲು ರಿಚರ್ಡ್ ಹ್ಯೂಸ್ ಎಂಬಾತ ಕಂಪನಿಯವರೊಡನೆ ಕೂಡಿ ದಾರಿ ಮಾಡಿದ.

ಇಷ್ಟು ಹೊತ್ತೂ ಪರದೇಶದ ಹೆಸರುಗಳೇ ಬಂದವು. ನಮ್ಮ ಊರಿನ ಪಾಲೇನು ಎಂದು ಕೇಳುವುದು ಸಹಜ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ 1985ರಲ್ಲಿ ಬೆಂಗಳೂರಿಗೆ ಬಂದು ಕಚೇರಿ ತೆರೆದದ್ದು ಇದೇ ದಂಡುಪ್ರದೇಶದ ಮಿಲ್ಲರ್ಸ್ ರಸ್ತೆಯಲ್ಲಿ. ಅದರ ಉಪಗ್ರಹ ಸಂಪರ್ಕದ ಸಲಕರಣೆ ಎತ್ತಿನ ಗಾಡಿಯಲ್ಲಿ ಬಂದಿತೆಂಬ ಮಾತು ಊರಿನಲ್ಲಿ ಪ್ರಸಿದ್ಧವಾಗಿದೆ. ಆ ಬಳಿಕ ಚಿಪ್ಪು ಮಾಡುವ ಕಂಪನಿಗಳು ಒಂದರ ಹಿಂದೆ ಒಂದು ಬಂದವು. ಚಾಲಕ ಬರೆಯುವುದು ಈ ಊರಿನ ಸಾವಿರಾರು ಜನರ ನಿತ್ಯದ ಅನ್ನವಾಯಿತು. ಆದರೆ ಹೀಗೆ ಬರೆದುದರಲ್ಲಿ ಬಹುಪಾಲು ಕಂಪನಿಯ ಬೀರುವಿನಲ್ಲಿಯೇ ಉಳಿಯುತ್ತದೆ. ಇದನ್ನು ಕಂಡವರು ಕೆಲವರಿದ್ದರು. 2001ರಲ್ಲಿ ಅತುಲ್ ಚಿಟ್ನಿಸ್ ಮತ್ತು ಗೆಳೆಯರು ಲಿನಕ್ಸ್ ಬ್ಯಾಂಗಲೋರ್ ಎಂಬ ಸಮ್ಮೇಳನವನ್ನು ಆರಂಭಿಸಿದರು. 2005ರಲ್ಲಿ ಅದು ಫಾಸ್ ಡಾಟ್ ಇನ್ ಎಂದು ಹೆಸರು ಬದಲಿಸಿಕೊಂಡಿತು. ಬಳಸುವವರು ಬಹಳ, ಬರೆದು ಹಿಂದಿರುಗಿಸುವವರು ವಿರಳ ಎಂಬುದು ಚಿಟ್ನಿಸ್ ಅವರ ಕೊರಗಾಗಿತ್ತು. ಅದಕ್ಕಾಗಿಯೇ ನಂತರದ ವರ್ಷಗಳಲ್ಲಿ ಭಾಷಣಗಳ ಜತೆಗೆ, ಕೂಡಿ ಕುಳಿತು ಬರೆಯುವ ಕಮ್ಮಟಗಳನ್ನು ಸೇರಿಸಿದರು. 2012ರಲ್ಲಿ ಕೊನೆಯ ಸಮ್ಮೇಳನ ನಡೆಯಿತು. 2013ರಲ್ಲಿ ಅವರು ತೀರಿಕೊಂಡರು.

ನಮ್ಮವರ ನಿಜವಾದ ಕೊಡುಗೆಯನ್ನು ನಾನು ಹುಡುಕುವುದು ಇನ್ನೊಂದು ಕಡೆ. ಒತ್ತಿದ ಕೀಲಿ 14 ಆಗಿ, 37 ಆಗಿ, 45 ಆಗಿ ಕಡೆಗೆ ಒಂದು ಪಟ್ಟಿಯ ಮುಂದೆ ನಿಲ್ಲುತ್ತದೆ ಎಂದೆನಲ್ಲ, ಆ ಪಟ್ಟಿಯಲ್ಲಿ. ಅಲ್ಲಿ ಕನ್ನಡವಿಲ್ಲದಿದ್ದರೆ ಎಂಥ ಚಾಲಕವಿದ್ದರೂ ನಮಗೆ ದೊರೆಯುವುದು ಇಂಗ್ಲಿಷಿನ ಕೆ ಅಷ್ಟೇ. ಮಂಗಳೂರಿನ ಬಳಿಯ ಕಿನ್ನಿಕಂಬಳದಲ್ಲಿ 1940ರಲ್ಲಿ ಹುಟ್ಟಿದ ಕೆ. ಪಿ. ರಾವ್ ಅವರು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ದುಡಿದವರು. ಸಿಂಧೂ ಲಿಪಿಯ ಸಂಶೋಧನೆಯಲ್ಲಿ ಐರಾವತಂ ಮಹಾದೇವನ್ ಅವರೊಡನೆ ಕೈಜೋಡಿಸಿದವರು. ಅರಿಯದ ಲಿಪಿಯೊಡನೆ ಹೆಣಗಿದವರು ಬಲ್ಲ ಲಿಪಿಗೆ ದಾರಿ ಮಾಡಿದ್ದು ನನಗೆ ಅಚ್ಚರಿಯೆನಿಸುವುದಿಲ್ಲ. ಕನ್ನಡದ ಅಷ್ಟೂ ಅಕ್ಷರಗಳನ್ನು ಇಂಗ್ಲಿಷಿನ 26 ಕೀಲಿಗಳಲ್ಲಿಯೇ ಅವರು ಅಡಗಿಸಿದರು. ಕೆ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ. ಸ್ವರಕ್ಕೊಂದು ಕೀಲಿ, ಅದರ ಗುಣಿತಚಿಹ್ನೆಗೆ ಮತ್ತೊಂದು ಕೀಲಿ ಎಂಬ ತೊಡಕಿಲ್ಲ; ವ್ಯಂಜನದ ಮುಂದೆ ಬಂದರೆ ಅದೇ ಗುಣಿತ. ಟಕಾರ ಡಕಾರಗಳಿಗೆ ಕ್ಯೂ ಮತ್ತು ಡಬ್ಲ್ಯೂ ಎಂಬ ಬಿಡುವಾಗಿದ್ದ ಕೀಲಿಗಳು. ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟು ತಾವು ರಚಿಸಿದ ಕನ್ನಡ ತಂತ್ರಾಂಶವನ್ನು ಅವರು ಉಚಿತವಾಗಿ ಹಂಚಿದರು. ಕೀಲಿಗಳ ವಿನ್ಯಾಸವನ್ನೂ ಯಾರು ಬೇಕಾದರೂ ಬಳಸಲೆಂದು ಬಿಟ್ಟರು. ಮುಂದೆ ಅದೇ ಕರ್ನಾಟಕ ಸರ್ಕಾರ ಒಪ್ಪಿದ ಶಿಷ್ಟ ವಿನ್ಯಾಸವಾಯಿತು. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದಲ್ಲಿ ನಾಡಿನ ಕಚೇರಿಗಳಿಗೆಲ್ಲ ಹಬ್ಬಿತು.

ಆದರೆ ನುಡಿ ನಡೆಯುತ್ತಿದ್ದುದು ವಿಂಡೋಸಿನಲ್ಲಿ. ಲಿನಕ್ಸಿನಲ್ಲಿ ಕನ್ನಡ ಬರೆಯುವವರ ಪಾಡು ನನ್ನ ರಿಸೀವರಿನ ಪಾಡೇ. ಇಲ್ಲಿ ಕದ್ದು ಆಲಿಸುವ ಅಗತ್ಯ ಬರಲಿಲ್ಲ. ವಿನ್ಯಾಸ ಎಲ್ಲರ ಕಣ್ಣಮುಂದೆ ಇತ್ತು. ಆಸಕ್ತರು ಅದನ್ನು ನೋಡಿಕೊಂಡು ಪಟ್ಟಿಯನ್ನು ಬರೆದರು. ಎಂ17ಎನ್ ಎಂಬ ಬಹುಭಾಷಾ ಸಂಗ್ರಹದಲ್ಲಿ ಅದು ಸೇರಿತು. ಲಿನಕ್ಸಿನ ಕೀಲಿಮಣೆಗಳ ಮುಖ್ಯ ಪಟ್ಟಿಯಲ್ಲಿಯೂ ಕಗಪ ಎಂಬ ಹೆಸರಿನಿಂದ, ಅಂದರೆ ಕನ್ನಡ ಗಣಕ ಪರಿಷತ್ತಿನ ಮೊದಲಕ್ಷರಗಳಿಂದ, ಸೇರಿತು. ಆ ಪಟ್ಟಿಯಲ್ಲಿ ಈಗ ಹಿಂದಿ, ಸಂಸ್ಕೃತ, ಮರಾಠಿಗಳಿಗೂ ಕಗಪ ಎಂಬ ವಿನ್ಯಾಸವಿದೆ. ಆ ಮೂರಕ್ಷರದ ಅರ್ಥ ತಿಳಿಯದೆ ಅದನ್ನು ಆರಿಸಿಕೊಂಡು ಬರೆಯುತ್ತಿರುವವರು ಎಲ್ಲೆಲ್ಲಿದ್ದಾರೋ! ತನ್ನ ಮೇಜಿನ ಕೀಲಿಮಣೆಗೆಂದು ಬರೆದುದನ್ನು ಇನ್ನೊಬ್ಬರು ಬದಲಿಸಲು ಬರುವಂತೆ ಟೊರ್ವಾಲ್ಡ್ಸ್ ಬಿಟ್ಟುಕೊಟ್ಟ ಎಂದು ಹೇಳಿದೆ. ಕಿನ್ನಿಕಂಬಳದವರ ವಿನ್ಯಾಸ ಬಂದು ಸೇರಿದ್ದು ಆ ತೆರಪಿನಲ್ಲಿಯೇ.

ಹೀಗೆ 45 ಎಂಬುದು ಕಡೆಗೆ 3221 ಆಗುತ್ತದೆ. ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆ ಕೊಟ್ಟ ಯುನಿಕೋಡಿನಲ್ಲಿ ಅದು ಕಕಾರದ ಸಂಖ್ಯೆ.

ಈ ವಿನ್ಯಾಸದಲ್ಲಿ ಕನ್ನಡ ಎಂಬ ಪದವನ್ನು ಬರೆಯಲು ಐದು ಕೀಲಿಗಳು ಸಾಕು: ಕೆ, ಎನ್, ಎಫ್, ಎನ್, ಡಬ್ಲ್ಯೂ. ನಡುವಿನ ಎಫ್ ಯಾವ ಅಕ್ಷರವೂ ಅಲ್ಲ. ಎರಡು ವ್ಯಂಜನಗಳನ್ನು ಕೂಡಿಸುವ ಕೀಲಿ ಅದು. ಒತ್ತಕ್ಷರ ಬಂದಲ್ಲೆಲ್ಲ ಅದನ್ನು ಒತ್ತಬೇಕು. ಅಮ್ಮ, ಅಪ್ಪ, ಅಕ್ಕ, ಪುಸ್ತಕ, ಸ್ವಾತಂತ್ರ್ಯ. ಕೊನೆಯದರಲ್ಲಿ ಮೂರು ಸಲ. ಇಂಗ್ಲಿಷಿನಲ್ಲಿ ಬರೆಯುವವರ ಕೈಗೆ ಅಷ್ಟೇನೂ ಸಿಗದ ಕೀಲಿ ಕನ್ನಡದಲ್ಲಿ ಬರೆಯುವವರ ಕೈಯಲ್ಲಿ ಸವೆದುಹೋಗುತ್ತದೆ.

ಇದು ತಿಳಿದ ದಿನ ಎಸ್.ಪಿ. ರಸ್ತೆಯಿಂದ ತಂದ ಆ ಕೀಲಿಮಣೆಯನ್ನು ಇನ್ನೊಮ್ಮೆ ನೋಡಿದೆ. ಅದರ ಹಿಂದಿನ ಒಡೆಯರು ಯಾರೋ, ಯಾವ ಕಚೇರಿಯಲ್ಲಿ ಏನು ಬರೆಯುತ್ತಿದ್ದರೋ ಗೊತ್ತಿಲ್ಲ. ಕನ್ನಡದಲ್ಲಿ ಬರೆಯುತ್ತಿದ್ದರು, ಬಹಳ ಬರೆಯುತ್ತಿದ್ದರು. ಎಫ್ ಮೇಲೆ ಒಂದು ಚೀಟಿ ಅಂಟಿಸಿಕೊಡಲೇ ಎಂದು ತಮ್ಮನ ಮಗಳು ಕೇಳಿದಳು. ಬೇಡವೆಂದೆ. ಈ ಭಾಷಣವನ್ನು ಬರೆದದ್ದು ಅದರಲ್ಲಿಯೇ. ರಿಸೀವರಿಗೆ ಮಾತ್ರ ಒಂದು ಕೆಂಪು ದಾರ ಕಟ್ಟಿ ಮೇಜಿನ ಮೊಳೆಗೆ ಸಿಕ್ಕಿಸಿದ್ದೇನೆ. ಅಷ್ಟರ ಮಟ್ಟಿಗೆ ಅದಕ್ಕೂ ತಂತಿ ಬಂದಂತಾಯಿತು.